ಸಣ್ಣ ಕಾರಿಗೆ ಸೆಕೆಂಡ್ ಹ್ಯಾಂಡ್ ಸೀಟ್ ಬೆಲ್ಟ್: ಹುಡುಕುವುದರಿಂದ ಕೂರಿಸುವವರೆಗೆ

ಬೆಲ್ಟ್ ತಂದಾಯಿತು, ಬೋಲ್ಟು ಬಿಗಿದಾಯಿತು, ಎಳೆದರೆ ಬರುತ್ತಿಲ್ಲ. ಇಲ್ಲವೇ ಸಲೀಸಾಗಿ ಬರುತ್ತದೆ, ಆದರೆ ಬ್ರೇಕ್ ಒತ್ತಿದರೂ ಲಾಕ್ ಆಗುವುದಿಲ್ಲ. ಎರಡೂ ಸರಿ ಇದ್ದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಆರುವುದಿಲ್ಲ. ಹಳೆ ಬೆಲ್ಟ್ ಕೊಂಡವರ ಗೋಳು ಸುತ್ತಿ ಬಳಸಿ ಈ ಮೂರರಲ್ಲೇ ಬಂದು ನಿಲ್ಲುತ್ತದೆ. ಮೂರಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ. ಬಣ್ಣ ನೋಡಿ, ಆಕಾರ ನೋಡಿ, "ಇದೇ ಇರಬೇಕು" ಅಂತ ಕೊಂಡುಬಿಡುವುದು. ಸೀಟ್ ಬೆಲ್ಟನ್ನು ನಂಬರು ನೋಡಿ ಕೊಳ್ಳಬೇಕು, ಅದು ಕೂರುವ ಕೋನ ನೋಡಿ ಪರೀಕ್ಷಿಸಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದ್ದೊಂದನ್ನು ಹಾರಿಸಿದರೆ ಮತ್ತೆ ಮೊದಲಿಗೇ ಬರಬೇಕಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸದು ಸಿಗುವುದಾದರೆ ಹೊಸದನ್ನೇ ತೆಗೆದುಕೊಳ್ಳಿ. ಕಾರು ತಯಾರಕರು ಹೇಳುವುದೂ ಅದನ್ನೇ. ಹಳೆ ಮಾಡೆಲ್ಲಿಗೆ ಹೊಸ ಬೆಲ್ಟ್ ಬರುವುದೇ ನಿಂತುಹೋಗಿದ್ದರೆ ಮಾತ್ರ ಮುಂದೆ ಓದಿ. ಕೆಲವು ದೇಶಗಳಲ್ಲಿ ಸಿಡಿಮದ್ದು ಇರುವ ಬೆಲ್ಟನ್ನು ಮಾರುವುದಕ್ಕೂ ಮುಟ್ಟುವುದಕ್ಕೂ ನಿಯಮಗಳಿವೆ. ನಿಮ್ಮಲ್ಲಿ ಹೇಗೆ ಅಂತ ವಿಚಾರಿಸಿಕೊಳ್ಳಿ. ಸಿಡಿಮದ್ದು ಏಕೆ ಬಂತು ಅನ್ನುವುದು ಎರಡನೇ ಹಂತದಲ್ಲಿದೆ.

## 1. ಬೆಲ್ಟ್ ನಿಜಕ್ಕೂ ಕೆಟ್ಟಿದೆಯಾ?

ನಿಧಾನಕ್ಕೆ ಒಳಗೆ ಹೋಗುವ ಬೆಲ್ಟ್ ಎಲ್ಲ ಸಲವೂ ಕೆಟ್ಟಿರುವುದಿಲ್ಲ. ಜಾಸ್ತಿ ಸಲ ಅದು ಬರೀ ಕೊಳೆ. ಭುಜದ ಮೇಲ್ಗಡೆ, ಬಾಗಿಲ ಪಕ್ಕದ ಕಂಬದಲ್ಲಿ ಬೆಲ್ಟ್ ತೂರಿ ಬರುವ ಒಂದು ಬಳೆ ಇದೆಯಲ್ಲ, ಅದರ ಒಳಮೈಯನ್ನು ಬೆರಳಿಂದ ಒರೆಸಿ ನೋಡಿ. ಕಪ್ಪು ಜಿಡ್ಡು ಅಂಟಿದರೆ ಬೆವರು, ಧೂಳು ಸೇರಿ ಅಲ್ಲಿ ಮೇಣದ ಹಾಗೆ ಕೂತಿದೆ ಅಂತ ಅರ್ಥ. ಬೆಲ್ಟನ್ನು ಪೂರ್ತಿ ಎಳೆದು, ಒಳಗೆ ಹೋಗದ ಹಾಗೆ ಕ್ಲಿಪ್ ಹಾಕಿ ನಿಲ್ಲಿಸಿ. ಸೌಮ್ಯ ಸೋಪು, ಉಗುರುಬೆಚ್ಚನೆ ನೀರಲ್ಲಿ ಬಳೆಯನ್ನೂ ಪಟ್ಟಿಯನ್ನೂ ಒರೆಸಿ. ಪೂರ್ತಿ ಒಣಗಿದ ಮೇಲೆ ಒಳಗೆ ಬಿಡಿ. ಬ್ಲೀಚು, ಪೆಟ್ರೋಲು, ಬಣ್ಣ ಯಾವುದೂ ಬೇಡ. ಅವು ನೂಲಿನ ಬಲವನ್ನೇ ತಿಂದುಹಾಕಬಹುದು.

ಏರ್‌ಬ್ಯಾಗ್ ದೀಪ ಉರಿಯುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಬೆಲ್ಟ್ ಬದಲಿಸಲು ಹೊರಟಿದ್ದರೂ ಸ್ವಲ್ಪ ತಡೆಯಿರಿ. ಸೀಟಿನ ಕೆಳಗಿನ ಕನೆಕ್ಟರ್ ಸಡಿಲವಾಗಿದ್ದರೂ ಆ ದೀಪ ಉರಿಯುತ್ತದೆ. ಮೊದಲು ಸ್ಕ್ಯಾನರ್ ಹಾಕಿಸಿ, ಕೋಡ್ ಓದಿಸಿ.

ಬದಲಿಸಲೇಬೇಕಾದವು ಇವು: ಪಟ್ಟಿಯ ಅಂಚು ಹರಿದಿದೆ, ಹೊಲಿಗೆ ಬಿಟ್ಟಿದೆ, ಬಕಲ್ ಸಿಕ್ಕಿಕೊಳ್ಳದೆ ಜಾರುತ್ತಿದೆ, ಕಾರು ಬಲವಾಗಿ ಡಿಕ್ಕಿ ಹೊಡೆದಿದೆ, ಪ್ರಿಟೆನ್ಷನರ್ (ಡಿಕ್ಕಿಯಲ್ಲಿ ಬೆಲ್ಟನ್ನು ಬಿಗಿಯುವ ಸಿಡಿಮದ್ದಿನ ಭಾಗ, ಮುಂದಿನ ಹಂತದಲ್ಲಿ ವಿವರ ಇದೆ) ಸಿಡಿದಿದೆ.

## 2. ಯಾವ ಭಾಗ ಬೇಕು ಅಂತ ಗೊತ್ತುಮಾಡಿಕೊಳ್ಳಿ

"ಸೀಟ್ ಬೆಲ್ಟ್ ಬೇಕು" ಅಂದರೆ ಮಾರುವವನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ಬೆಲ್ಟ್ ಅಂದರೆ ಎರಡು ಬೇರೆ ಬೇರೆ ಜೋಡಣೆ. ಒಂದು, ಪಟ್ಟಿಯನ್ನು ಸುತ್ತಿಕೊಳ್ಳುವ ರೀಲ್, ಪಟ್ಟಿ, ಮೇಲಿನ ಬಳೆ, ಕೆಳಗಿನ ಕೊಂಡಿ, ಪಟ್ಟಿಯ ಮೇಲೆ ಜಾರುವ ಲೋಹದ ನಾಲಿಗೆ ಎಲ್ಲ ಸೇರಿದ್ದು. ಇನ್ನೊಂದು, ಸೀಟಿನ ಪಕ್ಕದಲ್ಲಿ ನಿಂತಿರುವ ಬಕಲ್.

ಇವುಗಳಲ್ಲಿ ಪ್ರಿಟೆನ್ಷನರ್ ಎಲ್ಲಿದೆ ಅನ್ನುವುದು ಮುಖ್ಯ. ಡಿಕ್ಕಿಯಾದ ಕ್ಷಣದಲ್ಲಿ ಪುಟ್ಟ ಸಿಡಿಮದ್ದು ಹೊತ್ತಿ ಬೆಲ್ಟನ್ನು ಫಕ್ಕನೆ ಬಿಗಿಯುವ ಭಾಗ ಅದು. ಕೆಲವು ಕಾರಲ್ಲಿ ರೀಲಿನೊಳಗೆ, ಕೆಲವದರಲ್ಲಿ ಬಕಲ್‌ನ ಬುಡದಲ್ಲಿ, ಕೆಲವದರಲ್ಲಿ ಕೆಳಗಿನ ಕೊಂಡಿಯಲ್ಲಿ ಇರುತ್ತದೆ. ಒಂದೇ ಸೀಟಿಗೆ ಎರಡು ಇರುವುದೂ ಉಂಟು. ಗುರುತು ಹಿಡಿಯುವುದು ಸುಲಭ: ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರ್, ಪಕ್ಕದಲ್ಲಿ ಒಂದು ಲೋಹದ ಕೊಳವೆ. ಬಕಲ್‌ಗೆ ಬರುವ ತೆಳ್ಳನೆಯ ವೈರು ನೋಡಿ ಗಾಬರಿಯಾಗಬೇಡಿ. ಅದು ಬೆಲ್ಟ್ ಹಾಕಿಲ್ಲ ಅಂತ ಕೂಗುವ ಸ್ವಿಚ್ಚಿನದ್ದೂ ಆಗಿರಬಹುದು.

ಸಿಡಿದ ಪ್ರಿಟೆನ್ಷನರ್ ಹೇಗಿರುತ್ತದೆ? ರೀಲಿನದ್ದಾದರೆ ಹೆಚ್ಚಾಗಿ ಪಟ್ಟಿ ಇದ್ದಲ್ಲೇ ಕಚ್ಚಿಕೊಂಡು ಕಲ್ಲಾಗಿರುತ್ತದೆ. ಬಕಲ್‌ನದ್ದಾದರೆ ಬಕಲ್ ಕೆಳಕ್ಕೆ ಕುಸಿದಿರುತ್ತದೆ, ಅದರ ಕೊರಳಿನ ಪ್ಲಾಸ್ಟಿಕ್ ಮಡಿಕೆ ಮಡಿಕೆಯಾಗಿರುತ್ತದೆ. ಪಕ್ಕದ ಸೀಟಿನ ಬಕಲ್ ಎತ್ತರಕ್ಕೆ ಹೋಲಿಸಿದರೆ ಗೊತ್ತಾಗಿಬಿಡುತ್ತದೆ.

## 3. ನಂಬರು ಬರೆದುಕೊಳ್ಳಿ

ಪಟ್ಟಿಯನ್ನು ಕೊನೆವರೆಗೆ ಎಳೆಯಿರಿ. ಕೆಳಗಿನ ಕೊಂಡಿಯ ಹತ್ತಿರ ಹೊಲಿದ ಒಂದು ಚೀಟಿ ಸಿಗುತ್ತದೆ. ತಯಾರಕರ ಹೆಸರು, ಭಾಗದ ನಂಬರು, ತಯಾರಾದ ದಿನಾಂಕ ಅದರಲ್ಲಿರುತ್ತವೆ. ರೀಲಿನ ಮೇಲೆ ಇನ್ನೊಂದು ಸ್ಟಿಕ್ಕರ್ ಇರುತ್ತದೆ. ಅದಕ್ಕೆ ಕಂಬದ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಕು. ಎರಡರ ಫೋಟೋನೂ ತೆಗೆದಿಟ್ಟುಕೊಳ್ಳಿ. ಕಾರಿನ ಚಾಸಿ ನಂಬರು ಕೊಟ್ಟರೆ ಅಧಿಕೃತ ಬಿಡಿಭಾಗದ ಕೌಂಟರಿನಲ್ಲಿ ಸರಿಯಾದ ನಂಬರು ತೆಗೆದುಕೊಡುತ್ತಾರೆ. ಹಳೆ ನಂಬರಿನ ಬದಲು ಹೊಸ ನಂಬರು ಬಂದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ವಿಶ್ವಸಂಸ್ಥೆಯ 16ನೇ ವಾಹನ ನಿಯಮ ನಡೆಯುವ ಕಡೆಯ ಬೆಲ್ಟಿನ ಚೀಟಿಯಲ್ಲಿ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ, ಒಂದು ಸಂಖ್ಯೆ, ಜೊತೆಗೆ 'ಎ ಆರ್ 4 ಎಂ' ಥರದ ಗುರುತು ಇರುತ್ತದೆ. ಓದುವುದು ಹೀಗೆ: 'ಎ' ಅಂದರೆ ಮೂರು ಕಡೆ ಕಟ್ಟುವ ಬೆಲ್ಟ್, 'ಆರ್' ಅಂದರೆ ರೀಲ್ ಇದೆ, '4' ಅಂದರೆ ತುರ್ತಿನಲ್ಲಿ ಮಾತ್ರ ಲಾಕ್ ಆಗುವ ಬಗೆ, 'ಎಂ' ಅಂದರೆ ಒಂದಕ್ಕಿಂತ ಹೆಚ್ಚು ಸೂಚನೆಗೆ (ಪಟ್ಟಿ ಜಗ್ಗಿದರೂ, ಕಾರು ಗಕ್ಕನೆ ನಿಂತರೂ) ಲಾಕ್ ಆಗುತ್ತದೆ. 'ಪಿ' ಅಂತ ಸೇರಿದ್ದರೆ ಪ್ರಿಟೆನ್ಷನರ್ ಇದೆ. ನಿಮ್ಮ ಚೀಟಿಯಲ್ಲಿರುವ ಗುರುತು ಕೊಳ್ಳುವುದರಲ್ಲೂ ಅಕ್ಷರಕ್ಕೆ ಅಕ್ಷರ ಇರಬೇಕು.

ಜನ ಸೋಲುವುದು "ಅದೇ ಮಾಡೆಲ್" ಅನ್ನುವ ಮಾತಿಗೆ. ಒಂದೇ ಹೆಸರಿನ ಸಣ್ಣ ಕಾರಲ್ಲಿ ಎಷ್ಟು ವ್ಯತ್ಯಾಸ ಇರಬಹುದು ನೋಡಿ. ಮೂರು ಬಾಗಿಲಿನದ್ದರಲ್ಲಿ ಕಂಬ ಹಿಂದಕ್ಕೆ ಸರಿದಿರುತ್ತದೆ, ಹಾಗಾಗಿ ಮುಂದಿನ ಬೆಲ್ಟೇ ಬೇರೆ. ಹಿಂದೆ ಸಾಮಾನಿಡುವ ಜಾಗ ಬೇರೆಯಾಗಿರುವ ಸೆಡಾನಿಗೂ ಹ್ಯಾಚ್‌ಬ್ಯಾಕಿಗೂ ಹಿಂದಿನ ರೀಲ್ ಕೂರುವ ಜಾಗ ಬೇರೆ. ಎಡಬಲ ಬೇರೆ. ಮಧ್ಯೆ ಮಾಡೆಲ್ ತಿದ್ದುಪಡಿ ಆಗಿದ್ದರೆ ಕನೆಕ್ಟರ್ ಬೇರೆ. ಕಡಿಮೆ ಬೆಲೆಯ ಆವೃತ್ತಿಯಲ್ಲಿ ಪ್ರಿಟೆನ್ಷನರೇ ಇಲ್ಲದಿರಬಹುದು. ಸ್ಟೀರಿಂಗ್ ಎಡಕ್ಕಿರುವ ದೇಶದ ಕಾರಿನಿಂದ ಬಿಚ್ಚಿದ್ದಾದರೆ ಡ್ರೈವರ್ ಬೆಲ್ಟು, ಪಕ್ಕದವರ ಬೆಲ್ಟು ಅದಲುಬದಲಾಗುತ್ತವೆ.

ನಾನೇ ಒಮ್ಮೆ ಹೀಗೆ ಬಿದ್ದಿದ್ದೇನೆ. ಹ್ಯಾಚ್‌ಬ್ಯಾಕಿನ ಹಿಂದಿನ ಸೀಟಿಗೆ ಅದೇ ಹೆಸರಿನ ಸೆಡಾನಿನ ಬೆಲ್ಟ್ ತಂದೆ. ಬಣ್ಣ ಒಂದೇ, ಬೋಲ್ಟಿನ ತೂತೂ ಒಂದೇ. ಕೂರಿಸಿ ಎಳೆದರೆ ಒಂದು ಗೇಣು ಬಂದು ಟಕ್ ಅಂತ ನಿಂತಿತು. ಎಣ್ಣೆ ಬಿಟ್ಟೆ, ಬಿಚ್ಚಿದೆ, ಮತ್ತೆ ಹಾಕಿದೆ. ಎರಡು ಸಂಜೆ ಹೋಯಿತು. ಕೊನೆಗೆ ಬೇಸರದಿಂದ ಬಿಚ್ಚಿ ಕೈಯಲ್ಲಿ ಹಿಡಿದು ಸುಮ್ನೆ ಓರೆ ಮಾಡಿದಾಗ ಪಟ್ಟಿ ಬೆಣ್ಣೆಯ ಹಾಗೆ ಹರಿದು ಬಂತು. ರೀಲ್ ಕೆಟ್ಟಿರಲಿಲ್ಲ. ನಾನು ಅದನ್ನು ಕೂರಿಸಿದ ಕೋನ ಅದರದ್ದಾಗಿರಲಿಲ್ಲ. (ಎಣ್ಣೆ ಬಿಟ್ಟದ್ದಂತೂ ಶುದ್ಧ ತಪ್ಪು. ನೀವು ಮಾಡಬೇಡಿ.)

## 4. ಯಾವ ಕಾರಿನಿಂದ ಬಿಚ್ಚಿದ್ದು ಅಂತ ಕೇಳಿ

ಬಿಡಿ ಬೆಲ್ಟಿಗಿಂತ, ಇನ್ನೂ ಕಾರಿನಲ್ಲೇ ಇರುವ ಬೆಲ್ಟ್ ನೋಡಲು ಸಿಕ್ಕರೆ ಅದೇ ಒಳ್ಳೆಯದು. ಬಿಡಿ ಬೆಲ್ಟ್ ಏನು ಹೇಳುತ್ತದೆ? ಕಾರು ಎಲ್ಲ ಹೇಳುತ್ತದೆ.

ಇಂಜಿನ್ ಕೆಟ್ಟು ಅಥವಾ ತುಕ್ಕು ಹಿಡಿದು ಗುಜರಿಗೆ ಬಂದ ಕಾರು ಎಲ್ಲಕ್ಕಿಂತ ಒಳ್ಳೆಯದು. ಮುಂದೆ ಗುದ್ದಿದ್ದು, ಪಲ್ಟಿಯಾದದ್ದು, ಯಾವುದೇ ಏರ್‌ಬ್ಯಾಗ್ ತೆರೆದದ್ದು ಬೇಡವೇ ಬೇಡ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಬೆಲ್ಟ್ ಚೆನ್ನಾಗಿರುತ್ತದೆ ಅಂತ ಮಾರುವವರು ಹೇಳುತ್ತಾರೆ. ಇರಬಹುದು. ಆದರೆ ಹಿಂದಿನ ಡಿಕ್ಕಿಗೂ ಪ್ರಿಟೆನ್ಷನರ್ ಸಿಡಿಯುವ ಕಾರುಗಳಿವೆ, ನಾನಂತೂ ಅದನ್ನು ಎರಡನೇ ಆಯ್ಕೆಯಾಗಿ ಇಡುತ್ತೇನೆ.

ನೀರಲ್ಲಿ ಮುಳುಗಿದ ಕಾರು ಮೋಸದ್ದು. ಹೊರಗೆ ಎಲ್ಲ ಫಳಫಳ. ರೀಲ್ ಮಾತ್ರ ಕಂಬದ ಬುಡದಲ್ಲಿ, ನೀರು ಮೊದಲು ಬರುವ ಜಾಗದಲ್ಲೇ ಇರುತ್ತದೆ. ಪಟ್ಟಿಯನ್ನು ಕೊನೆಯ ಸುತ್ತಿನವರೆಗೆ ಎಳೆಯಿರಿ. ಕೆಸರಿನ ಗೆರೆ, ಮುಗ್ಗಲು ವಾಸನೆ, ರೀಲಿನ ಬೋಲ್ಟಿನ ಮೇಲೆ ತುಕ್ಕು, ಇವುಗಳಲ್ಲಿ ಒಂದಿದ್ದರೂ ಬಿಟ್ಟು ನಡೆಯಿರಿ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಐದು ಫೋಟೋ ಕೇಳಿ: ಹೊಲಿದ ಚೀಟಿ, ರೀಲಿನ ಸ್ಟಿಕ್ಕರ್, ಕನೆಕ್ಟರ್ ಹತ್ತಿರದಿಂದ, ನಾಲಿಗೆಯ ಎರಡೂ ಬದಿ, ಪೂರ್ತಿ ಎಳೆದು ಹಾಸಿದ ಪಟ್ಟಿ. ಕೊನೆಯ ಫೋಟೋ ಕೊಡಲು ಸಬೂಬು ಹೇಳಿದರೆ ಪಟ್ಟಿ ಹೊರಗೆ ಬರುತ್ತಿಲ್ಲ ಅಂತಲೇ ತಿಳಿದುಕೊಳ್ಳಿ. ಸಿಡಿಮದ್ದು ಇರುವ ಬೆಲ್ಟನ್ನು ಎಲ್ಲ ಕೊರಿಯರಿನವರೂ ಒಯ್ಯುವುದಿಲ್ಲ, ಅದನ್ನೂ ಮೊದಲೇ ಕೇಳಿಕೊಳ್ಳಿ.

"ಸಿಡಿದದ್ದನ್ನೇ ರಿಪೇರಿ ಮಾಡಿಸಿದ್ದು, ಹೊಸದರ ಹಾಗೇ ಇದೆ" ಅಂದರೆ ಅಲ್ಲೇ ಕೈಮುಗಿಯಿರಿ. ಒಳಗೆ ಏನು ತುಂಬಿದ್ದಾರೆ ಅಂತ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಕನೆಕ್ಟರಿಗೆ ಒಂದು ಪುಟ್ಟ ರೆಸಿಸ್ಟರ್ ಸಿಕ್ಕಿಸಿ ದೀಪ ಆರಿಸಿರುವ ಕಾರುಗಳೂ ಇವೆ. ದೀಪ ಆರಿದೆ, ಸಿಡಿಮದ್ದು ಖಾಲಿ. ಆದ್ದರಿಂದ ದೀಪವನ್ನು ನಂಬಿ ಕೊಳ್ಳಬೇಡಿ, ಹಳದಿ ಕನೆಕ್ಟರಿನ ತಂತಿ ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿ.

## 5. ಪಟ್ಟಿಯನ್ನೂ ನಾಲಿಗೆಯನ್ನೂ ಓದುವುದು

ಹೋಗುವಾಗ ಟಾರ್ಚು, ಅಳತೆ ಟೇಪು, ಬಿಳಿ ಬಟ್ಟೆ ಇಟ್ಟುಕೊಳ್ಳಿ. ರೀಲ್ ಮಾತ್ರ ಕೊಳ್ಳುವುದಾದರೆ, ನಿಮ್ಮ ಕಾರಿನ ಬಕಲ್ ಬಿಚ್ಚಲು ಸುಲಭವಿದ್ದು ಅದರಲ್ಲಿ ಪ್ರಿಟೆನ್ಷನರ್ ಇಲ್ಲದಿದ್ದರೆ ಅದನ್ನೂ ಒಯ್ಯಿರಿ.

ಪಟ್ಟಿಯನ್ನು ಬೆಳಕಿಗೆ ಹಿಡಿದು, ಎರಡೂ ಅಂಚನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ನಿಧಾನಕ್ಕೆ ಸವರುತ್ತಾ ಹೋಗಿ. ಒಳ್ಳೆಯ ಪಟ್ಟಿ ಒಂದೇ ಸಮನೆ ನೇರವಾಗಿರುತ್ತದೆ. ಭಾರ ಹೊತ್ತು ಹಿಗ್ಗಿದ ಪಟ್ಟಿಯ ಅಂಚು ಹಪ್ಪಳದ ಅಂಚಿನ ಹಾಗೆ ಅಲೆಯಲೆಯಾಗಿರುತ್ತದೆ. ಅಲ್ಲಲ್ಲಿ ಅಗಲ ಅಳೆಯಿರಿ, ವ್ಯತ್ಯಾಸ ಬಂದರೆ ಬೇಡ. ರೀಲಿನೊಳಗೇ ಇದ್ದ ಭಾಗದ ಬಣ್ಣವನ್ನು ಹೊರಗಿನ ಭಾಗಕ್ಕೆ ಹೋಲಿಸಿ. ಹೊರಭಾಗ ತುಂಬಾ ಮಾಸಿ, ಮುಟ್ಟಿದರೆ ಗಡುಸಾಗಿದ್ದರೆ ಬಿಸಿಲು ಅದನ್ನು ತಿಂದಿದೆ.

ಆಮೇಲೆ ನಾಲಿಗೆ. ಪಟ್ಟಿ ತೂರುವ ಸೀಳಿನ ಪ್ಲಾಸ್ಟಿಕ್ ನೋಡಿ. ಡಿಕ್ಕಿಯಲ್ಲಿ ಪಟ್ಟಿ ಅಷ್ಟು ಬಲವಾಗಿ ಉಜ್ಜುತ್ತದೆಂದರೆ ಅಲ್ಲಿ ಪ್ಲಾಸ್ಟಿಕ್ ಕರಗಿ ಹೊಳೆಯುವ ಗೀರು ಬೀಳುತ್ತದೆ. ಮೇಲಿನ ಬಳೆಯಲ್ಲೂ ಅದೇ ಗೀರು ಹುಡುಕಿ. ದಿನಬಳಕೆಯ ಸವೆತ ಮಂಕಾಗಿ, ಸಮವಾಗಿ ಇರುತ್ತದೆ. ಡಿಕ್ಕಿಯ ಗೀರು ಒಂದೇ ದಿಕ್ಕಿಗೆ, ಗಾಜಿನ ಹಾಗೆ ಮಿನುಗುತ್ತದೆ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಕೆಲವು ಬೆಲ್ಟುಗಳಲ್ಲಿ ಕೆಳಗಿನ ಕೊಂಡಿಯ ಹತ್ತಿರ ಪಟ್ಟಿಯನ್ನು ಮಡಿಸಿ ಹೊಲಿದಿರುತ್ತಾರೆ. ಭಾರ ಬಿದ್ದಾಗ ಆ ಹೊಲಿಗೆ ಬೇಕಂತಲೇ ಹರಿಯುತ್ತದೆ. ಮಡಿಕೆ ಬಿಚ್ಚಿಕೊಂಡಿದ್ದರೆ ಆ ಬೆಲ್ಟಿನ ಆಯುಷ್ಯ ಮುಗಿದಿದೆ.

ಬಕಲ್ ಜೊತೆಗಿದ್ದರೆ ನಾಲಿಗೆ ಹಾಕಿ ತೆಗೆದು 20 ಸಲ ಮಾಡಿ. ಪ್ರತಿ ಸಲವೂ ಒಂದೇ ದನಿಯ ಟಕ್ ಕೇಳಬೇಕು. ಹಾಕಿದ ಮೇಲೆ ಜೋರಾಗಿ ಜಗ್ಗಿ. ಬೇರೆ ಕಂಪನಿಯ ನಾಲಿಗೆ ನಿಮ್ಮ ಬಕಲ್‌ನೊಳಗೆ ಹೋಗಬಹುದು, ಅರ್ಧ ಸಿಕ್ಕಿಕೊಂಡು ಸರಿ ಇದ್ದ ಹಾಗೆ ಕಾಣಲೂಬಹುದು. ಅದಕ್ಕಿಂತ ಸಿಕ್ಕಿಕೊಳ್ಳದಿರುವುದೇ ವಾಸಿ. ಅನುಮಾನವಿದ್ದರೆ ಬೆಲ್ಟು, ಬಕಲ್ ಎರಡನ್ನೂ ಒಂದೇ ಕಾರಿನ ಒಂದೇ ಸೀಟಿನಿಂದ ತೆಗೆದುಕೊಳ್ಳಿ.

## 6. ರೀಲನ್ನು ಪರೀಕ್ಷಿಸುವುದು, ಅದರ ಕೋನದಲ್ಲೇ

ಒಳ್ಳೆಯ ರೀಲನ್ನು ಕೆಟ್ಟದ್ದೆಂದು ಬಿಟ್ಟು ಬರುವವರು, ಕೆಟ್ಟದ್ದನ್ನು ಒಳ್ಳೆಯದೆಂದು ಹೊತ್ತು ತರುವವರು, ಇಬ್ಬರೂ ಎಡವುವುದು ಈ ಹಂತದಲ್ಲೇ.

ರೀಲಿನ ಒಳಗೆ ಒಂದು ಪುಟ್ಟ ಬಟ್ಟಲು, ಅದರಲ್ಲಿ ಗೋಲಿಯ ಥರದ ಗುಂಡು ಇರುತ್ತದೆ. ಕೆಲವದರಲ್ಲಿ ಗುಂಡಿನ ಬದಲು ತೂಗುವ ಲೋಲಕ. ಕಾರು ಗಕ್ಕನೆ ನಿಂತಾಗ, ಅಥವಾ ವಾಲಿದಾಗ, ಗುಂಡು ಬಟ್ಟಲಿನಿಂದ ಮೇಲೇರಿ ಒಂದು ಕೊಕ್ಕೆಯನ್ನು ಎತ್ತುತ್ತದೆ. ಕೊಕ್ಕೆ ಹಲ್ಲಿಗೆ ಸಿಕ್ಕಿ ರೀಲ್ ನಿಲ್ಲುತ್ತದೆ. ಆ ಬಟ್ಟಲು ಸಮತಟ್ಟಾಗಿ ನಿಲ್ಲುವ ಹಾಗೆ ರೀಲನ್ನು ಕಾರಿಗೆ ತಕ್ಕಂತೆ ಮಾಡಿರುತ್ತಾರೆ. ಮೊದಲು ಹೇಳಿದ 16ನೇ ನಿಯಮದ ಪ್ರಕಾರ, 4ನೇ ಬಗೆಯ ರೀಲ್ ತಾನು ಕೂರುವ ಸ್ಥಿತಿಯಿಂದ 12 ಡಿಗ್ರಿಯೊಳಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು. ಅಂದರೆ ಬಿಚ್ಚಿದ ರೀಲನ್ನು ಮೇಜಿನ ಮೇಲೆ ಮಲಗಿಸಿ ಎಳೆದರೆ ಅದು ಲಾಕ್ ಆಗುವುದೇ ಸರಿ.

ಹಾಗಾಗಿ ಮನೆಯಲ್ಲೇ ಒಂದು ಕೆಲಸ ಮಾಡಿ ಹೊರಡಿ. ನಿಮ್ಮ ಕಾರಿನಲ್ಲಿ ರೀಲ್ ಹೇಗೆ ಕೂತಿದೆಯೋ ಅದಕ್ಕೆ ಫೋನು ತಾಗಿಸಿ, ಅದರ ಮಟ್ಟಗೋಲಿನ ಆ್ಯಪ್‌ನಲ್ಲಿ ಡಿಗ್ರಿ ನೋಡಿ. ಮುಂದಕ್ಕೆ ಎಷ್ಟು, ಪಕ್ಕಕ್ಕೆ ಎಷ್ಟು, ಎರಡನ್ನೂ ಬರೆದುಕೊಳ್ಳಿ. ಕೊಳ್ಳುವ ರೀಲನ್ನು ಅಷ್ಟೇ ಕೋನಕ್ಕೆ ಹಿಡಿದು, ಈ ಕ್ರಮದಲ್ಲಿ ನೋಡಿ:

ಮೊದಲು ನಿಧಾನಕ್ಕೆ ಎಳೆಯಿರಿ. ಕೊನೆವರೆಗೂ ತಡೆಯಿಲ್ಲದೆ ಬರಬೇಕು. ಬಿಟ್ಟರೆ ತಾನೇ ಪೂರ್ತಿ ಒಳಗೆ ಹೋಗಬೇಕು.

ಆಮೇಲೆ ಅರ್ಧ ಎಳೆದು ಫಕ್ಕನೆ ಜಗ್ಗಿ. ಅಲ್ಲೇ ಕಚ್ಚಬೇಕು. ಸಡಿಲ ಬಿಟ್ಟರೆ ಬಿಡಬೇಕು. ಬೇರೆ ಬೇರೆ ಉದ್ದದಲ್ಲಿ ಐದಾರು ಸಲ ಮಾಡಿ. ಒಂದು ಸಲ ಜಾರಿದರೂ ಬೇಡ.

ಮೂರನೆಯದಾಗಿ ನಿಧಾನಕ್ಕೆ ಎಳೆಯುತ್ತಲೇ ರೀಲನ್ನು ಓರೆ ಮಾಡುತ್ತಾ ಹೋಗಿ. ಒಂದು ಹಂತದಲ್ಲಿ ನಿಲ್ಲಬೇಕು. ಮುಂದೆ, ಹಿಂದೆ, ಎಡ, ಬಲ ನಾಲ್ಕೂ ಕಡೆ ನೋಡಿ. ಎಷ್ಟು ವಾಲಿಸಿದರೂ ಸರಾಗವಾಗಿ ಬರುತ್ತಿದ್ದರೆ ಗುಂಡು ಸಿಕ್ಕಿಕೊಂಡಿದೆ. ಜಗ್ಗಿದರೆ ಲಾಕ್ ಆಗುತ್ತದಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅದು ಬೇರೆ ವ್ಯವಸ್ಥೆ, ಇದು ಬೇರೆ.

ಒಂದು ಗೊಂದಲ: ಪಕ್ಕದ ಮತ್ತು ಹಿಂದಿನ ಸೀಟಿನ ಕೆಲವು ಬೆಲ್ಟುಗಳು ಕೊನೆವರೆಗೆ ಎಳೆದಾಗ ಕಟಕಟ ಸದ್ದು ಮಾಡುತ್ತಾ ಒಳಗೆ ಮಾತ್ರ ಹೋಗುತ್ತವೆ, ಹೊರಗೆ ಬರುವುದಿಲ್ಲ. ಮಕ್ಕಳ ಸೀಟನ್ನು ಬಿಗಿಯಲು ಇರುವ ಸೌಕರ್ಯ ಅದು. ಪೂರ್ತಿ ಒಳಗೆ ಬಿಟ್ಟರೆ ಮೊದಲಿನಂತಾಗುತ್ತದೆ.

ರೀಲನ್ನು ಯಾವತ್ತೂ ಬಿಚ್ಚಬೇಡಿ. ಪಕ್ಕದ ಮುಚ್ಚಳದೊಳಗೆ ಬಿಗಿದ ಸ್ಪ್ರಿಂಗ್ ಇದೆ, ಹಾರಿದರೆ ಮತ್ತೆ ಕೂರುವುದಿಲ್ಲ. ಮುಚ್ಚಳದ ಮೇಲೆ ಸ್ಕ್ರೂಡ್ರೈವರ್ ಗೀರಿದ್ದರೆ ಯಾರೋ ಆಗಲೇ ಪ್ರಯತ್ನ ಮಾಡಿದ್ದಾರೆ ಅಂತ ಅರ್ಥ.

## 7. ಬಿಚ್ಚಿ ಕೂರಿಸುವುದು

ಪ್ರಿಟೆನ್ಷನರ್ ಇರುವ ಕಾರಾದರೆ ಈ ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗೆ ಕೊಡಿ ಅನ್ನುತ್ತೇನೆ. ಆದರೂ ಕ್ರಮ ಗೊತ್ತಿರಲಿ, ಪಕ್ಕದಲ್ಲಿ ನಿಂತು ನೋಡುವುದಕ್ಕಾದರೂ.

ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಎಷ್ಟು ಹೊತ್ತು ಕಾಯಬೇಕು ಅನ್ನುವುದು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಸರ್ವಿಸ್ ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ನಾನು 10 ನಿಮಿಷಕ್ಕಿಂತ ಮೊದಲು ಕೈ ಹಾಕುವುದಿಲ್ಲ, ಮ್ಯಾನುಯಲ್ ಜಾಸ್ತಿ ಹೇಳಿದರೆ ಅಷ್ಟು ಕಾಯುತ್ತೇನೆ. ಹಳದಿ ಕನೆಕ್ಟರ್ ಮುಟ್ಟುವ ಮೊದಲು ಕಾರಿನ ಬರಿ ಲೋಹ ಮುಟ್ಟಿ. ಮಲ್ಟಿಮೀಟರ್ ಹಾಕಿ ಪ್ರಿಟೆನ್ಷನರನ್ನು ಅಳೆಯಲು ಹೋಗಬೇಡಿ, ಮೀಟರಿನ ಕರೆಂಟೇ ಅದನ್ನು ಸಿಡಿಸಬಹುದು. ಕೆಳಗೆ ಬಿದ್ದ ಪ್ರಿಟೆನ್ಷನರನ್ನೂ ಹಾಕಬೇಡಿ.

ಬೋಲ್ಟುಗಳಿಗೆ ಹೆಚ್ಚಾಗಿ ಟಿ50 ಟಾರ್ಕ್ಸ್ ಬಿಟ್ ಅಥವಾ 17 ಮಿ.ಮೀ. ಸಾಕೆಟ್ ಬೇಕಾಗುತ್ತದೆ. ಸವೆದ ಬಿಟ್ ಬೇಡ, ತಲೆ ಹಾಳಾಗುತ್ತದೆ. ಮೇಲಿನ ಬಳೆಯ ಬೋಲ್ಟು ತೆಗೆಯುವಾಗ ವಾಷರು, ಬೋಲ್ಟಿನ ಸುತ್ತ ಕೂರುವ ಪುಟ್ಟ ಕೊಳವೆ, ಅಲೆಯಾಕಾರದ ಸ್ಪ್ರಿಂಗ್ ವಾಷರು ಯಾವ ಸಾಲಿನಲ್ಲಿವೆ ಅಂತ ಫೋಟೋ ತೆಗೆಯಿರಿ. ಈ ಸಾಲು ತಪ್ಪಿದರೆ ಬೋಲ್ಟು ಬಿಗಿದ ಮೇಲೆ ಬಳೆ ತಿರುಗುವುದಿಲ್ಲ, ಬೆಲ್ಟು ಮಡಿಸಿಕೊಳ್ಳುತ್ತದೆ. ಅಂಗಡಿಯ ಸಾಮಾನ್ಯ ಬೋಲ್ಟು ಹಾಕಬೇಡಿ. ಅನೇಕ ಕಾರುಗಳಲ್ಲಿ ಬೆಲ್ಟಿನ ಬೋಲ್ಟು 7/16 ಇಂಚಿನದು, ಅದರ ಜಾಗಕ್ಕೆ ಮಿಲಿಮೀಟರ್ ಅಳತೆಯದ್ದನ್ನು ತುರುಕಿದರೆ ಬೋಲ್ಟು ಕೂರುವ ತೂತಿನ ಥ್ರೆಡ್ಡೇ ಕಿತ್ತುಬರುತ್ತದೆ.

ರೀಲಿನ ಮೇಲಿರುವ ಸಣ್ಣ ಮೊಳೆ ಅಥವಾ ಕೊಂಡಿ ಕಂಬದ ತೂತಿಗೆ ಸರಿಯಾಗಿ ಕೂರಬೇಕು. ಕೋನ ಕಾಯುವುದು ಅದೇ. ಅಡ್ಡ ಬರುತ್ತದೆ ಅಂತ ಕತ್ತರಿಸಿದಿರೋ, ನನ್ನ ಸೆಡಾನ್ ಬೆಲ್ಟಿನ ಕಥೆ ನಿಮ್ಮದೂ ಆಗುತ್ತದೆ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲಿ ತಿರುಗಿಸಿ, ಪಟ್ಟಿಯಲ್ಲಿ ತಿರುಚು ಇಲ್ಲ ಅಂತ ನೋಡಿ, ಆಮೇಲೆ ಟಾರ್ಕ್ ರೆಂಚಿನಿಂದ ಮ್ಯಾನುಯಲ್ ಹೇಳಿದಷ್ಟು ಬಿಗಿಯಿರಿ. ಕನೆಕ್ಟರ್ ಎಲ್ಲಕ್ಕಿಂತ ಕೊನೆಗೆ. ಬ್ಯಾಟರಿ ಜೋಡಿಸುವಾಗ ಕಾರಿನೊಳಗೆ ಯಾರೂ ಕೂತಿರಬಾರದು.

## 8. ಓಡಿಸುವ ಮೊದಲು

ಇಗ್ನಿಷನ್ ಹಾಕಿ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಉರಿಯಲೇ ಇಲ್ಲ ಅಂದರೆ ಅದೂ ತಪ್ಪೇ, ಯಾರೋ ಬಲ್ಬ್ ತೆಗೆದಿರಬಹುದು. ಆರದಿದ್ದರೆ ಸ್ಕ್ಯಾನರ್ ಹಾಕಿಸಿ. ಡಿಕ್ಕಿಯಾದ ಕಾರಿನ ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಆ ದಾಖಲೆ ಉಳಿದುಬಿಡುತ್ತದೆ. ಕೆಲವದರಲ್ಲಿ ಸಾಮಾನ್ಯ ಸ್ಕ್ಯಾನರಿನಿಂದ ಅದು ಅಳಿಯುವುದೂ ಇಲ್ಲ. ಆಗ ದೋಷ ಬೆಲ್ಟಿನದ್ದಲ್ಲ.

ಆಮೇಲೆ ಸೀಟನ್ನು ಮುಂದೆ ಹಿಂದೆ ಸರಿಸಿ ಎರಡೂ ತುದಿಯಲ್ಲಿ ಬೆಲ್ಟ್ ಹಾಕಿ ನೋಡಿ. ಎತ್ತರದ ಹೊಂದಾಣಿಕೆ ಇದ್ದರೆ ಮೇಲೆ ಕೆಳಗೆ ಮಾಡಿ. ಪ್ಲಾಸ್ಟಿಕ್ ಹೊದಿಕೆ ಹಾಕಿದ ಮೇಲೆ ಇನ್ನೊಮ್ಮೆ ಎಳೆಯಿರಿ. ಹೊದಿಕೆಯ ಅಂಚಿಗೆ ಪಟ್ಟಿ ಉಜ್ಜುತ್ತಿದ್ದರೆ ಈಗಲೇ ಗೊತ್ತಾಗಬೇಕು, ಅಲ್ವಾ?

ಕೊನೆಗೆ ಖಾಲಿ ಬಯಲಲ್ಲಿ ಗಂಟೆಗೆ 15ರಿಂದ 20 ಕಿ.ಮೀ. ವೇಗದಲ್ಲಿ ಹೋಗಿ ಗಟ್ಟಿಯಾಗಿ ಬ್ರೇಕ್ ಹಾಕಿ. ಬೆಲ್ಟ್ ಹಿಡಿಯುತ್ತದೆ ಅಂತ ನಂಬಿ ಕೂರಬೇಡಿ, ಕೈ ಊರಿಕೊಂಡೇ ಇರಿ. ಎದೆಯ ಮೇಲೆ ಪಟ್ಟಿ ಕಚ್ಚಿ ನಿಲ್ಲಬೇಕು. ಇಳಿಜಾರಿನಲ್ಲಿ ಅಥವಾ ಮಾಮೂಲಿ ತಿರುವಿನಲ್ಲಿ ಪದೇ ಪದೇ ಲಾಕ್ ಆಗುತ್ತಿದ್ದರೆ ಕೋನ ತಪ್ಪಿದೆ, ಏಳನೇ ಹಂತಕ್ಕೆ ವಾಪಸ್.

ಬಿಚ್ಚಿದ ಹಳೆ ಬೆಲ್ಟನ್ನು ಮೂಲೆಗೆ ಎಸೆಯಬೇಡಿ. ಸಿಡಿಯದ ಪ್ರಿಟೆನ್ಷನರ್ ಇದ್ದರೆ ಕಸಕ್ಕೂ ಬೆಂಕಿಗೂ ಹಾಕುವಂತಿಲ್ಲ, ಅದನ್ನು ನಿಷ್ಕ್ರಿಯ ಮಾಡುವ ವರ್ಕ್‌ಶಾಪಿಗೆ ಕೊಡಿ. ಅದಿಲ್ಲದ್ದಾದರೆ ಪಟ್ಟಿಯನ್ನು ಕತ್ತರಿಯಿಂದ ಎರಡು ಮೂರು ಕಡೆ ಕತ್ತರಿಸಿ ಬಿಸಾಡಿ. ಇಲ್ಲದಿದ್ದರೆ ಅದೇ ಬೆಲ್ಟ್ ಯಾರದ್ದೋ ಕೈಗೆ ಸಿಕ್ಕಿ, ಒರೆಸಿಕೊಂಡು, ಮತ್ತೆ ಮಾರಾಟಕ್ಕೆ ಬರುತ್ತದೆ.